ಟಿವಿ ನೋಡುವಾಗ ಯಾವ ಆ್ಯಪ್ ತೆರೆದಿಡಬೇಕು? ಮ್ಯಾಚ್, ಸೀರಿಯಲ್, ಬಿಗ್ ಬಾಸ್, ಸುದ್ದಿಗೆ ಒಂದು ಹೋಲಿಕೆ

ಟಿವಿ ಮುಂದೆ ಕೂತವರ ಕೈಯಲ್ಲಿ ಮೊಬೈಲ್ ಇರುವುದು ಈಗ ಮಾಮೂಲು. ಮ್ಯಾಚ್ ನೋಡುತ್ತಾ ಪೋಸ್ಟ್ ಹಾಕುತ್ತೇವೆ. ಬಿಗ್ ಬಾಸ್ ನೋಡುತ್ತಾ ಯಾರದು ಸರಿ, ಯಾರದು ತಪ್ಪು ಎಂದು ಗೊತ್ತಿಲ್ಲದವರ ಜೊತೆ ವಾದಕ್ಕಿಳಿಯುತ್ತೇವೆ. ಸೀರಿಯಲ್ ಮುಗಿದ ಕೂಡಲೇ ಅಕ್ಕನಿಗೋ ಚಿಕ್ಕಮ್ಮನಿಗೋ ವಾಯ್ಸ್ ಮೆಸೇಜ್ ಹೋಗುತ್ತದೆ. ಮೊಬೈಲ್ ಪಕ್ಕಕ್ಕಿಡಿ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಹೇಗೂ ಕೈಯಲ್ಲಿ ಇರುತ್ತದೆ ಅಲ್ವಾ, ಹಾಗಿದ್ದರೆ ಯಾವ ಆ್ಯಪ್ ತೆರೆದಿಟ್ಟರೆ ನೋಡುವ ಖುಷಿ ಹೆಚ್ಚುತ್ತದೆ, ಯಾವುದು ಆ ಖುಷಿಯನ್ನು ಕೆಡಿಸುತ್ತದೆ ಎಂದು ನೋಡೋಣ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಎಲ್ಲ ಕಾರ್ಯಕ್ರಮಕ್ಕೂ ಸರಿಹೋಗುವ ಆ್ಯಪ್ ಯಾವುದೂ ಇಲ್ಲ. ಲೈವ್ ಮ್ಯಾಚ್‌ಗೆ ಎಕ್ಸ್, ಅಂದರೆ ಹಳೆಯ ಟ್ವಿಟರ್. ಸೀರಿಯಲ್‌ಗೆ ಚಿಕ್ಕದೊಂದು ವಾಟ್ಸ್‌ಆ್ಯಪ್ ಗ್ರೂಪ್. ಚುನಾವಣೆ ಫಲಿತಾಂಶ, ರಾಕೆಟ್ ಉಡಾವಣೆಯಂಥ ದೊಡ್ಡ ದಿನಗಳಿಗೆ ಯೂಟ್ಯೂಬ್. ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಎರಡೂ ಕಾರ್ಯಕ್ರಮ ಮುಗಿದ ಮೇಲೆ. ಬಿಗ್ ಬಾಸ್‌ದು ಬೇರೆಯೇ ಲೆಕ್ಕ. ಒಂದು ಹೊತ್ತಿಗೆ ಒಂದೇ ಆ್ಯಪ್ ಎಂಬುದು ಎಲ್ಲಕ್ಕೂ ಅನ್ವಯಿಸುತ್ತದೆ. ಎರಡು ಮೂರು ಆ್ಯಪ್‌ಗಳ ನಡುವೆ ಓಡಾಡುತ್ತಿದ್ದರೆ ಟಿವಿಯಲ್ಲಿ ಏನಾಯಿತು ಎಂದು ಪಕ್ಕದವರನ್ನು ಕೇಳಬೇಕಾಗುತ್ತದೆ.

ಮೊದಲು ನಿಮ್ಮ ಟಿವಿ ಎಷ್ಟು ಹಿಂದಿದೆ ನೋಡಿ

ಆ್ಯಪ್ ಆರಿಸುವ ಮೊದಲು ತಿಳಿಯಬೇಕಾದದ್ದು ಇದು. ಲೈವ್ ಎಂದು ಬರೆದಿದ್ದರೂ ಯಾವ ಟಿವಿಯೂ ಆ ಕ್ಷಣವನ್ನೇ ತೋರಿಸುವುದಿಲ್ಲ. ಕೇಬಲ್ ಅಥವಾ ಡಿಶ್‌ನಲ್ಲಿ ನೋಡಿದರೆ ಮೈದಾನಕ್ಕಿಂತ ಕೆಲವು ಸೆಕೆಂಡು ಹಿಂದೆ ಇರುತ್ತೀರಿ. ಇಂಟರ್‌ನೆಟ್ ಮೂಲಕ, ಅಂದರೆ ಜಿಯೋಹಾಟ್‌ಸ್ಟಾರ್‌ನಂಥ ಆ್ಯಪ್‌ನಲ್ಲಿ ನೋಡಿದರೆ ಇನ್ನೂ ಹಿಂದೆ. ಅರ್ಧ ನಿಮಿಷದಷ್ಟು ಹಿಂದೆ ಬೀಳುವುದೂ ಉಂಟು.

ಇದಕ್ಕೆ ಕಾರಣ ಸರಳ. ಆ್ಯಪ್‌ನಲ್ಲಿ ಬರುವ ವಿಡಿಯೊವನ್ನು ಕೆಲವೇ ಸೆಕೆಂಡುಗಳ ಚಿಕ್ಕ ತುಂಡುಗಳಾಗಿ ಕತ್ತರಿಸುತ್ತಾರೆ. ನಿಧಾನದ ನೆಟ್‌ಗೆ ಒಂದು, ವೇಗದ ನೆಟ್‌ಗೆ ಇನ್ನೊಂದು ಎಂದು ಪ್ರತಿ ತುಂಡನ್ನೂ ಬೇರೆ ಬೇರೆ ಗುಣಮಟ್ಟದಲ್ಲಿ ತಯಾರಿಸುತ್ತಾರೆ. ಅವು ಹಲವು ಸರ್ವರ್‌ಗಳನ್ನು ದಾಟಿ ಬರುತ್ತವೆ. ಮಧ್ಯೆ ನೆಟ್ ಕೈಕೊಟ್ಟರೂ ಚಿತ್ರ ನಿಲ್ಲಬಾರದು ಎಂದು ನಿಮ್ಮ ಮೊಬೈಲ್ ಅಥವಾ ಸ್ಮಾರ್ಟ್ ಟಿವಿ ಒಂದಷ್ಟು ತುಂಡುಗಳನ್ನು ಮೊದಲೇ ಕೂಡಿಟ್ಟುಕೊಂಡು ಆಮೇಲೆ ತೋರಿಸುತ್ತದೆ. ಹೀಗೆ ಒಂದೊಂದು ಹಂತದಲ್ಲೂ ತಡವಾಗುತ್ತದೆ. ಒಂದೇ ಮನೆಯ ಹಾಲ್‌ನ ಟಿವಿಗೂ ರೂಮಿನ ಮೊಬೈಲಿಗೂ ವ್ಯತ್ಯಾಸ ಇರುತ್ತದೆ. ರೂಮಿನಿಂದ ಕೂಗು ಕೇಳಿದಾಗ ಹಾಲ್‌ನಲ್ಲಿ ಬೌಲರ್ ಇನ್ನೂ ಓಡಲು ಶುರು ಮಾಡಿರುವುದಿಲ್ಲ.

ಬರೆದ ಮಾತು ಮಾತ್ರ ಹೀಗೆ ತಡವಾಗುವುದಿಲ್ಲ. ಮೈದಾನದಲ್ಲಿ ಕೂತವನು 'ಔಟ್' ಎಂದು ಬರೆದರೆ ಅದು ಒಂದೆರಡು ಸೆಕೆಂಡಿನಲ್ಲಿ ನಿಮ್ಮ ಕೈಗೆ ಬರುತ್ತದೆ. ಟಿವಿ ಹಿಂದೆ, ಮೊಬೈಲ್ ಮುಂದೆ. ಎಷ್ಟು ಹಿಂದೆ ಎಂದು ತಿಳಿಯಲು ಸುಲಭದ ದಾರಿ ಇದೆ. ಡಿಶ್ ಇರುವ ಗೆಳೆಯರಿಗೆ ಫೋನ್ ಮಾಡಿ, ಚೆಂಡು ಬ್ಯಾಟಿಗೆ ತಾಗಿದ ಕೂಡಲೇ 'ಈಗ' ಎನ್ನಲು ಹೇಳಿ. ನಿಮ್ಮಲ್ಲಿ ಅದೇ ಎಸೆತ ಬರುವವರೆಗೆ ಎಣಿಸಿ. ಐದಾರು ಸೆಕೆಂಡಿನ ಒಳಗಿದ್ದರೆ ಯಾವ ಆ್ಯಪ್ ಬೇಕಾದರೂ ತೆರೆಯಬಹುದು. ಇಪ್ಪತ್ತು, ಮೂವತ್ತು ಸೆಕೆಂಡು ಇದ್ದರೆ ಕೊನೆಯ ಓವರ್‌ಗಳಲ್ಲಿ ಎಲ್ಲವನ್ನೂ ಮುಚ್ಚಿಡುವುದೇ ಒಳ್ಳೆಯದು.

2025ರ ಜೂನ್ 3ರ ಐಪಿಎಲ್ ಫೈನಲ್ ನೆನಪಿದೆ ಅಲ್ವಾ? ಅಹಮದಾಬಾದಿನಲ್ಲಿ ಕೊನೆಯ ಓವರ್‌ಗೆ ಪಂಜಾಬ್‌ಗೆ 29 ರನ್ ಬೇಕಿತ್ತು. ಹೇಜಲ್‌ವುಡ್ ಮೊದಲ ಎರಡು ಎಸೆತಗಳಲ್ಲಿ ರನ್ ಕೊಡಲಿಲ್ಲ. ಆಮೇಲೆ ಶಶಾಂಕ್ ಸಿಂಗ್ ಎಷ್ಟು ಬಾರಿಸಿದರೂ ಆರ್‌ಸಿಬಿ 6 ರನ್‌ನಿಂದ ಗೆದ್ದಿತು. 2008ರಿಂದ ಹದಿನೆಂಟು ಸೀಸನ್ ಕಾದ ಕಪ್. ಅಂಥ ಓವರನ್ನು ಬೇರೆಯವರ ಪೋಸ್ಟ್‌ನಲ್ಲಿ ಮೊದಲು ಓದಿ, ಆಮೇಲೆ ಟಿವಿಯಲ್ಲಿ ನೋಡುವುದು ಎಂಥ ನಷ್ಟ! ವರ್ಷಗಟ್ಟಲೆ ಕಾದವರಿಗೆ ಆ ಕೆಲವು ಸೆಕೆಂಡು ತುಂಬಾ ದೊಡ್ಡದು.

ಮ್ಯಾಚ್‌ಗೆ: ಎಕ್ಸ್ ಅಥವಾ ರೆಡಿಟ್

ಡಿಶ್ ಅಥವಾ ಕೇಬಲ್‌ನಲ್ಲಿ ನೋಡುತ್ತಿದ್ದರೆ ಮ್ಯಾಚ್‌ಗೆ ಎಕ್ಸ್‌ನಷ್ಟು ಒಳ್ಳೆಯ ಜೊತೆ ಇಲ್ಲ. 2006ರಲ್ಲಿ ಟ್ವಿಟರ್ ಆಗಿ ಶುರುವಾದ ಈ ಜಾಗದ ಹೆಸರು 2023ರ ಜುಲೈನಲ್ಲಿ ಬದಲಾಯಿತು. ಲೈವ್ ನಡೆಯುವಾಗ ಜನ ಒಟ್ಟಿಗೆ ಮಾತಾಡುವ ಗುಣ ಮಾತ್ರ ಹಾಗೇ ಉಳಿದಿದೆ. ಚಿಕ್ಕ ಚಿಕ್ಕ ಮಾತು, ಒಂದೇ ಹ್ಯಾಶ್‌ಟ್ಯಾಗ್, ಎಲ್ಲರೂ ಒಂದೇ ಎಸೆತದ ಬಗ್ಗೆ ಮಾತಾಡುತ್ತಿರುತ್ತಾರೆ. ಅಂಪೈರ್ ತೀರ್ಪು ವಿವಾದವಾದರೆ ರಿಪ್ಲೇ ಮುಗಿಯುವುದರೊಳಗೆ ನಿಯಮ ಬಲ್ಲವರೊಬ್ಬರು ಅದನ್ನು ವಿವರಿಸಿರುತ್ತಾರೆ. ಅಂಕಿಅಂಶ ಇಟ್ಟುಕೊಂಡಿರುವವರು, ಹಳೆಯ ಪಂದ್ಯ ನೆನಪಿಸುವವರು, ಸ್ಟಾರ್ ಸ್ಪೋರ್ಟ್ಸ್ 1 ಕನ್ನಡದ ಕಾಮೆಂಟರಿಯ ಒಂದು ಒಳ್ಳೆಯ ಸಾಲನ್ನು ಹಿಡಿದು ಖುಷಿಪಡುವವರು, ಎಲ್ಲರೂ ಸಿಗುತ್ತಾರೆ.

ಆದರೆ ಆ್ಯಪ್ ತೆರೆದ ಕೂಡಲೇ ಬರುವ 'ಫಾರ್ ಯು' ಪುಟ ಮ್ಯಾಚ್‌ಗೆ ಉಪಯೋಗವಿಲ್ಲ. ಅಲ್ಲಿ ಗಂಟೆಗಳ ಹಿಂದಿನ ಪೋಸ್ಟೂ ಬರುತ್ತದೆ. ಎರಡನೇ ಇನಿಂಗ್ಸ್ ನಡೆಯುವಾಗ ಟಾಸ್ ಸುದ್ದಿ ಓದಿ ಏನು ಮಾಡುವುದು? 'ಫಾಲೋಯಿಂಗ್' ಪುಟಕ್ಕೆ ಹೋಗಿ, ಇಲ್ಲವೇ ಹ್ಯಾಶ್‌ಟ್ಯಾಗ್ ಹುಡುಕಿ 'ಲೇಟೆಸ್ಟ್' ಒತ್ತಿ. ಇದಕ್ಕಿಂತಲೂ ಒಳ್ಳೆಯದು ಒಂದು ಲಿಸ್ಟ್ ಮಾಡಿಕೊಳ್ಳುವುದು. ನಿಮಗೆ ಇಷ್ಟವಾಗುವ ಹದಿನೈದಿಪ್ಪತ್ತು ಕ್ರಿಕೆಟ್ ಖಾತೆಗಳನ್ನು ಸೇರಿಸಿಡಿ, ಮ್ಯಾಚ್ ದಿನ ಅದನ್ನಷ್ಟೇ ತೆರೆಯಿರಿ. ಬೈಗುಳ, ಅಭಿಮಾನಿಗಳ ಜಗಳ ಬಹುಮಟ್ಟಿಗೆ ಹೊರಗೇ ಉಳಿಯುತ್ತದೆ.

ನೀಲಿ ಟಿಕ್ ನೋಡಿ ನಂಬಬೇಡಿ. 2023ರಿಂದ ದುಡ್ಡು ಕೊಟ್ಟವರಿಗೆ ಅದು ಸಿಗುತ್ತದೆ. ಆಟಗಾರನಿಗೆ ಗಾಯ, ತಂಡದಲ್ಲಿ ಬದಲಾವಣೆ, ಮಳೆಯಿಂದ ರದ್ದು ಎಂಬ ಸುದ್ದಿಯನ್ನು ತಂಡದ್ದೋ ಐಪಿಎಲ್‌ನದೋ ಸ್ವಂತ ಖಾತೆಯಲ್ಲಿ ನೋಡಿದ ಮೇಲೆ ನಂಬಿ.

ಆಟದ ಉತ್ಸಾಹದಲ್ಲಿ ಮೊಬೈಲಿನ ಮಾತನ್ನು ಹಿಡಿದು ಮನೆಯಿಂದ ಹೊರಡುವ ಪ್ರಶ್ನೆ ಬಂದಾಗ ಇನ್ನೂ ಹುಷಾರಾಗಿರಬೇಕು. ಆ ಫೈನಲ್‌ನ ಮರುದಿನ, ಜೂನ್ 4ರಂದು, ಬೆಂಗಳೂರಿನಲ್ಲಿ ಮೆರವಣಿಗೆ ಇದೆಯೋ ಇಲ್ಲವೋ ಎಂಬ ಬಗ್ಗೆ ಒಂದಕ್ಕೊಂದು ಹೊಂದದ ಸುದ್ದಿಗಳು ಓಡಾಡಿದವು. ಅಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಜನ ಪ್ರಾಣ ಕಳೆದುಕೊಂಡರು. ರಾತ್ರಿಯಿಡೀ ಖುಷಿಯಲ್ಲಿ ಪೋಸ್ಟ್ ಹಾಕಿದವರಲ್ಲಿ ನಾನೂ ಒಬ್ಬ. ಆ ಸಂಜೆಯ ನೋವು ಈಗಲೂ ಹೋಗಿಲ್ಲ. ಎಲ್ಲಿ ಸೇರಬೇಕು, ಪಾಸ್ ಬೇಕೋ ಬೇಡವೋ ಎಂಬಂಥ ಸುದ್ದಿಯನ್ನು ಪೊಲೀಸರ ಅಧಿಕೃತ ಪ್ರಕಟಣೆಯಲ್ಲಿ ನೋಡದೆ ಯಾರಿಗೂ ಕಳಿಸಬೇಡಿ.

ರೆಡಿಟ್ ಇನ್ನೊಂದು ದಾರಿ. ಅಲ್ಲಿನ ಕ್ರಿಕೆಟ್ ಗುಂಪುಗಳಲ್ಲಿ ಪ್ರತಿ ಮ್ಯಾಚ್‌ಗೂ ಒಂದು ಥ್ರೆಡ್, ಅಂದರೆ ಆ ಮ್ಯಾಚ್‌ನದೇ ಮಾತುಕತೆಯ ಪುಟ, ಇರುತ್ತದೆ. ಯಾರನ್ನೂ ಫಾಲೋ ಮಾಡಬೇಕಿಲ್ಲ, ನಿಮ್ಮ ನಿಜ ಹೆಸರೂ ಬೇಕಿಲ್ಲ. ಗುಂಪಿನ ಮೇಲ್ವಿಚಾರಕರು ತೀರಾ ಕೆಟ್ಟ ಮಾತನ್ನು ತೆಗೆಯುತ್ತಾರೆ. ಮ್ಯಾಚ್ ಮುಗಿದ ಮೇಲಿನ ಥ್ರೆಡ್‌ನಲ್ಲಂತೂ ಒಳ್ಳೆಯ ವಿಶ್ಲೇಷಣೆ ಸಿಗುತ್ತದೆ. ಆದರೆ ಅಲ್ಲಿ ನಡೆಯುವುದು ಬಹುಪಾಲು ಇಂಗ್ಲಿಷ್. ಮನೆಯ ಭಾಷೆಯಲ್ಲಿ ಕೂಗಬೇಕು ಎನಿಸಿದಾಗ ಅದು ಸಾಲುವುದಿಲ್ಲ.

ಕನ್ನಡದಲ್ಲೇ ಹೀಗೆ ಲೈವ್ ಆಗಿ ಮಾತಾಡುವ ದೊಡ್ಡ ಜಾಗ ಇಲ್ಲ ಎಂಬ ಕೊರಗು ನನಗಿದೆ. ಬೆಂಗಳೂರಿನ ಕೂ ಆ್ಯಪ್ ಭಾರತದ ಭಾಷೆಗಳಿಗೆಂದೇ ಬಂದಿತ್ತು. 2024ರ ಜುಲೈನಲ್ಲಿ ಅದು ಮುಚ್ಚಿತು. ಆ ಜಾಗವನ್ನು ಬೇರೆ ಯಾರೂ ತುಂಬಿಲ್ಲ.

ಸೀರಿಯಲ್‌ಗೆ: ಚಿಕ್ಕ ವಾಟ್ಸ್‌ಆ್ಯಪ್ ಗ್ರೂಪ್

ಸೀರಿಯಲ್ ನೋಡುವವರಿಗೆ ಲಕ್ಷ ಜನರ ಅಭಿಪ್ರಾಯ ಬೇಕಿಲ್ಲ. ಅದೇ ಕಥೆಯನ್ನು ತಿಂಗಳುಗಟ್ಟಲೆ ನೋಡಿದ, ಆ ಅತ್ತೆ ಹೀಗೇಕೆ ಮಾಡಿದಳು ಎಂದು ಹಿಂದಿನದನ್ನೆಲ್ಲ ಜೋಡಿಸಿ ಹೇಳಬಲ್ಲ ನಾಲ್ಕೈದು ಜನ ಸಾಕು. ಮೊದಲು ಸಂಜೆ ಜಗಲಿಯ ಮೇಲೆ ಕೂತು ಅಕ್ಕಪಕ್ಕದವರು ಮಾಡುತ್ತಿದ್ದ ಮಾತುಕತೆಯನ್ನೇ ಈಗ ಈ ಗ್ರೂಪ್ ಮಾಡುತ್ತದೆ.

ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ 1,024 ಜನ ಇರಬಹುದು. ಅಷ್ಟು ಬೇಡ. ಹತ್ತು ಹನ್ನೆರಡು ಜನ ದಾಟಿದರೆ ಗುಡ್ ಮಾರ್ನಿಂಗ್ ಚಿತ್ರಗಳು ಶುರುವಾಗುತ್ತವೆ. ಮನೆಯವರೆಲ್ಲ ಇರುವ ಫ್ಯಾಮಿಲಿ ಗ್ರೂಪ್‌ನಲ್ಲಿ ಸೀರಿಯಲ್ ಮಾತು ಬೇಡವೇ ಬೇಡ. ಅಲ್ಲಿ ಸೀರಿಯಲ್ ನೋಡದ ಭಾವ ಇರುತ್ತಾರೆ, ಆಫೀಸಿನಿಂದ ತಡವಾಗಿ ಬಂದು ನೋಡುವ ಅತ್ತಿಗೆ ಇರುತ್ತಾರೆ. ಪ್ರತಿ ಸೀರಿಯಲ್‌ಗೂ ಬೇರೆ ಗ್ರೂಪ್ ಮಾಡಿ, ಹೆಸರಲ್ಲೇ ಸೀರಿಯಲ್ ಹೆಸರಿಡಿ.

ನಮ್ಮ ಮನೆಯ ಹೆಂಗಸರು ಇಂಥ ಒಂದು ಗ್ರೂಪ್ ನಡೆಸುತ್ತಾರೆ. ಅವರು ಇಟ್ಟುಕೊಂಡ ನಿಯಮ ನನಗೆ ತುಂಬಾ ಇಷ್ಟ: ಎಪಿಸೋಡ್ ಮುಗಿಯುವವರೆಗೆ ಬರೀ ಇಮೋಜಿ, ಮುಗಿದ ಮೇಲೆ ಮಾತು. ತಡವಾಗಿ ನೋಡುವವರು ಗ್ರೂಪ್ ಮ್ಯೂಟ್ ಮಾಡಿಕೊಂಡಿರುತ್ತಾರೆ. ಎಂಟು ಗಂಟೆ, ಒಂದು ವಾರ ಅಥವಾ ಯಾವಾಗಲೂ ಎಂದು ಮ್ಯೂಟ್ ಮಾಡಬಹುದು. ನೋಡಿ ಮುಗಿಸಿದ ಮೇಲೆ ಬಂದು 'ಈಗ ಹೇಳಿ' ಎನ್ನುತ್ತಾರೆ. ಆಗ ಎರಡನೇ ಸುತ್ತಿನ ಚರ್ಚೆ.

ವಾಟ್ಸ್‌ಆ್ಯಪ್‌ನ ಪೋಲ್ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. 'ನಾಳೆ ಸತ್ಯ ಹೊರಗೆ ಬರುತ್ತಾ, ಇನ್ನೊಂದು ವಾರ ಎಳೀತಾರಾ?' ಎಂದು ಹಾಕಿದರೆ ಹೆಚ್ಚು ಮಾತಾಡದ ಅತ್ತೆಯೂ ವೋಟ್ ಹಾಕುತ್ತಾರೆ. ವಯಸ್ಸಾದವರಿಗೆ ಬರೆಯುವುದಕ್ಕಿಂತ ವಾಯ್ಸ್ ಮೆಸೇಜ್ ಸುಲಭ. ಕೀಬೋರ್ಡ್‌ನ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ಕನ್ನಡ ಅಕ್ಷರವೇ ಮೂಡುತ್ತದೆ, ಕಣ್ಣು ಟಿವಿಯಿಂದ ತೆಗೆಯಬೇಕಿಲ್ಲ. ಮೊಬೈಲಿನಲ್ಲಿ ಜಾಗ ತುಂಬುತ್ತದೆ ಎನ್ನುವವರು ಏಳು ದಿನಕ್ಕೆ ಮೆಸೇಜ್ ತಾನೇ ಅಳಿಸಿಹೋಗುವಂತೆ ಇಟ್ಟುಕೊಳ್ಳಲಿ.

ಕಥೆ ಮೊದಲೇ ಗೊತ್ತಾಗಿಬಿಡುವ ತೊಂದರೆ ಸೀರಿಯಲ್‌ಗೂ ಇದೆ, ಅದರ ಕಾರಣ ಮಾತ್ರ ಬೇರೆ. ಜೀ5ನಲ್ಲಿ ದುಡ್ಡು ಕಟ್ಟಿದವರಿಗೆ ಸೀರಿಯಲ್ ಟಿವಿಗಿಂತ ಮೊದಲೇ ಸಿಗುತ್ತದೆ. ಹಾಗಾಗಿ ರಾತ್ರಿಯ ಎಪಿಸೋಡಿನ ಕಥೆ ಹಗಲಲ್ಲೇ ಯಾರದೋ ಶಾರ್ಟ್ಸ್‌ನಲ್ಲಿ, ರೀಲ್ಸ್‌ನಲ್ಲಿ ಬಂದಿರುತ್ತದೆ. ಗ್ರೂಪ್‌ನಲ್ಲಿ ಒಬ್ಬರು ಮೊದಲೇ ನೋಡುವವರಿದ್ದರೆ ಟಿವಿಯಲ್ಲಿ ಬರುವವರೆಗೆ ಬಾಯಿ ಬಿಡಬಾರದು ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳಿ. ಎಲ್ಲರೂ ಆ್ಯಪ್‌ನಲ್ಲೇ ನೋಡುವವರಾದರೆ 'ರಾತ್ರಿ ಹತ್ತರ ನಂತರ ಮಾತು' ಎಂದು ಹೊತ್ತು ಗೊತ್ತು ಮಾಡಿ.

ಫೇಸ್‌ಬುಕ್‌ನಲ್ಲೂ ಸೀರಿಯಲ್ ಅಭಿಮಾನಿಗಳ ಗುಂಪುಗಳಿವೆ. ಅಲ್ಲಿ ಸಹೃದಯರು ಬಹಳ ಜನ, ಕಥೆಯ ಎಳೆ ಹಿಡಿದು ಉದ್ದವಾಗಿ ಬರೆಯುವವರೂ ಇದ್ದಾರೆ. ಆದರೆ ಚಾನೆಲ್ ಪುಟದ ಪ್ರೋಮೊ ಕೆಳಗಿನ ಕಾಮೆಂಟ್‌ಗಳಲ್ಲಿ ಪಾತ್ರಕ್ಕೂ ಕಲಾವಿದೆಗೂ ವ್ಯತ್ಯಾಸ ಮರೆತು ಬೈಯುವುದು ಜಾಸ್ತಿ. ಕೆಟ್ಟ ಸೊಸೆಯ ಪಾತ್ರ ಮಾಡುವ ಹುಡುಗಿ ಆ ಕಾಮೆಂಟನ್ನು ಓದುತ್ತಾಳೆ, ಅವಳ ತಂದೆ ತಾಯಿಯೂ ಓದುತ್ತಾರೆ. ಪಾತ್ರವನ್ನು ಎಷ್ಟು ಬೇಕಾದರೂ ಬೈಯಿರಿ, ಆದರೆ ಪಾತ್ರದ ಹೆಸರು ಹಿಡಿದೇ ಬೈಯಿರಿ. ಇಷ್ಟು ಮಾಡಿದರೆ ಸಾಕು, ಅರ್ಧ ಕೊಳಕು ಕಡಿಮೆಯಾಗುತ್ತದೆ.

ಬಿಗ್ ಬಾಸ್: ವಾರದ ದಿನಕ್ಕೊಂದು, ವಾರಾಂತ್ಯಕ್ಕೊಂದು

ಕನ್ನಡ ಟಿವಿಯಲ್ಲಿ ಸಾಮಾಜಿಕ ಜಾಲತಾಣ ಇಷ್ಟೊಂದು ಒಳಹೊಕ್ಕ ಕಾರ್ಯಕ್ರಮ ಇನ್ನೊಂದಿಲ್ಲ. 2013ರಲ್ಲಿ ಈಟಿವಿ ಕನ್ನಡದಲ್ಲಿ ಸುದೀಪ್ ನಿರೂಪಣೆಯಲ್ಲಿ ಶುರುವಾಯಿತು. ವಿಜಯ್ ರಾಘವೇಂದ್ರ ಗೆದ್ದ ಆ ಮೊದಲ ಸೀಸನ್‌ನ ಹೊತ್ತಿಗೆ ನಮ್ಮಲ್ಲಿ ಬಹಳ ಜನರ ಕೈಯಲ್ಲಿ ಸ್ಮಾರ್ಟ್‌ಫೋನೇ ಇರಲಿಲ್ಲ. ಈಗ ಎಪಿಸೋಡ್ ರಾತ್ರಿ ಬರುತ್ತದೆ, ಮಾತು ಬೆಳಗ್ಗೆಯಿಂದ ಬೆಳಗ್ಗೆಯವರೆಗೆ ನಡೆಯುತ್ತದೆ. ಪ್ರೋಮೊ ಬಂದ ಕೂಡಲೇ ಒಂದು ಸುತ್ತು, ಎಪಿಸೋಡ್ ನಡೆಯುವಾಗ ಇನ್ನೊಂದು, ಮರುದಿನ ಯೂಟ್ಯೂಬ್ ವಿಮರ್ಶೆಗಳಲ್ಲಿ ಮತ್ತೊಂದು.

ಇಲ್ಲಿ ಒಂದು ಮುಖ್ಯ ವಿಷಯ ಸ್ಪಷ್ಟವಾಗಿರಬೇಕು. ಹ್ಯಾಶ್‌ಟ್ಯಾಗ್ ವೋಟ್ ಅಲ್ಲ. ನಿಮ್ಮ ನೆಚ್ಚಿನ ಸ್ಪರ್ಧಿಯ ಹೆಸರನ್ನು ಎಕ್ಸ್‌ನಲ್ಲಿ ಸಾವಿರ ಸಲ ಬರೆದರೂ ಅದು ಲೆಕ್ಕಕ್ಕೆ ಬರುವುದಿಲ್ಲ. ವೋಟ್ ಹೋಗಬೇಕಾದದ್ದು ಕಾರ್ಯಕ್ರಮ ಹೇಳಿದ ಆ್ಯಪ್‌ನಲ್ಲಿ, ಅವರು ಕೊಟ್ಟ ಗಡುವಿನೊಳಗೆ. ಯೂಟ್ಯೂಬ್ ಚಾನೆಲ್‌ಗಳು ನಡೆಸುವ 'ವೋಟಿಂಗ್ ಪೋಲ್' ಕೂಡ ಅಷ್ಟೇ, ಅದು ಅವರ ವೀಕ್ಷಕರ ಅಭಿಪ್ರಾಯ ಮಾತ್ರ. ಟ್ರೆಂಡ್ ಎಂಬುದಕ್ಕೂ ಇದೇ ಮಿತಿ. ಒಂದು ವಿಷಯದ ಬಗ್ಗೆ ಥಟ್ಟನೆ ಮಾತು ಏರಿದರೆ ಅದು ಟ್ರೆಂಡ್ ಆಗುತ್ತದೆ. ದಿನವಿಡೀ ಸಮನಾಗಿ ನಡೆಯುವ ದೊಡ್ಡ ಚರ್ಚೆ ಪಟ್ಟಿಗೇ ಬರದಿರಬಹುದು. ಒಂದು ಅಭಿಮಾನಿ ಬಳಗ ರಾತ್ರಿ ಎಂಟಕ್ಕೆ ಸರಿಯಾಗಿ ಒಟ್ಟಿಗೆ ಬರೆದರೆ ಟ್ರೆಂಡ್ ಮಾಡಿಬಿಡಬಹುದು. ಒಂದೇ ಸಾಲು, ಅದೇ ಕಾಗುಣಿತ ತಪ್ಪಿನ ಜೊತೆ ಹತ್ತಾರು ಖಾತೆಗಳಲ್ಲಿ ಕಂಡರೆ ಅದು ಯಾರೋ ಹಂಚಿದ ಸಾಲು ಎಂದು ತಿಳಿಯಿರಿ.

ಟಿಆರ್‌ಪಿಗೂ ಇದಕ್ಕೂ ನೇರ ಸಂಬಂಧ ಇಲ್ಲ. ನಮ್ಮಲ್ಲಿ ಟಿವಿ ವೀಕ್ಷಣೆ ಅಳೆಯುವುದು ಬಾರ್ಕ್ ಎಂಬ ಸಂಸ್ಥೆ. ಆಯ್ದ ಮನೆಗಳಲ್ಲಿ ಮೀಟರ್ ಇಟ್ಟು, ಚಾನೆಲ್‌ನ ಧ್ವನಿಯಲ್ಲಿ ಅಡಗಿಸಿದ ಗುರುತನ್ನು ಅದು ಹಿಡಿಯುತ್ತದೆ. ಆ ಮನೆಯವರು ಯಾವ ಚಾನೆಲ್ ಹಾಕಿದರು ಎಂಬುದಷ್ಟೇ ಅಲ್ಲಿ ಮುಖ್ಯ. ಅಮೆರಿಕದಲ್ಲಿ ನೀಲ್ಸನ್ ಸಂಸ್ಥೆ 2013ರಲ್ಲಿ ಟ್ವಿಟರ್ ಮಾತನ್ನೇ ಅಳೆಯುವ ರೇಟಿಂಗ್ ಶುರು ಮಾಡಿತ್ತು. ಅಲ್ಲೂ ಅದನ್ನು ಟಿವಿ ರೇಟಿಂಗ್‌ನ ಪಕ್ಕದಲ್ಲಿಟ್ಟು ನೋಡಿದರೇ ಹೊರತು ಅದರ ಜಾಗದಲ್ಲಿ ಇಡಲಿಲ್ಲ.

ಹಾಗಾದರೆ ಎಲ್ಲಿ ಮಾತಾಡಬೇಕು? ಸೋಮವಾರದಿಂದ ಶುಕ್ರವಾರದವರೆಗೆ ವಾಟ್ಸ್‌ಆ್ಯಪ್ ಗ್ರೂಪ್ ಸಾಕು, ಸೀರಿಯಲ್‌ಗೆ ಹೇಳಿದ ನಿಯಮವೇ ಇಲ್ಲಿಗೂ ಸರಿ. ಸುದೀಪ್ ಬರುವ ಶನಿವಾರ, ಭಾನುವಾರ ಮಾತ್ರ ಎಕ್ಸ್ ಮಜವಾಗಿರುತ್ತದೆ. ಯಾರಿಗೆ ಕ್ಲಾಸ್, ಯಾರಿಗೆ ಚಪ್ಪಾಳೆ ಎಂದು ಇಡೀ ರಾಜ್ಯ ಒಟ್ಟಿಗೆ ಮಾತಾಡುತ್ತಿರುತ್ತದೆ. ಆದರೆ ವಾರಾಂತ್ಯದ ಎಪಿಸೋಡ್ ಪ್ರಸಾರಕ್ಕಿಂತ ಮೊದಲೇ ಚಿತ್ರೀಕರಣವಾಗುವುದರಿಂದ ಯಾರು ಹೊರಗೆ ಬಂದರು ಎಂಬುದು ಮೊದಲೇ ಹೊರಬೀಳುತ್ತದೆ. ಅದನ್ನು ತಿಳಿಯಲು ಇಷ್ಟವಿಲ್ಲದಿದ್ದರೆ ಶನಿವಾರದಿಂದ ಭಾನುವಾರ ರಾತ್ರಿಯವರೆಗೆ ಇನ್‌ಸ್ಟಾಗ್ರಾಮ್ ಮತ್ತು ಯೂಟ್ಯೂಬ್ ಮುಖಪುಟ ತೆರೆಯಬೇಡಿ. ಯೂಟ್ಯೂಬ್ ಥಂಬ್‌ನೇಲ್ ಒಂದೇ ಸಾಕು, ಫೋಟೊ ಮೇಲೆ ಕೆಂಪು ಗೀಟು ಹಾಕಿ ಎಲ್ಲ ಹೇಳಿಬಿಟ್ಟಿರುತ್ತಾರೆ.

ಎಕ್ಸ್‌ನಲ್ಲಿ ಪದಗಳನ್ನು ಮ್ಯೂಟ್ ಮಾಡುವ ಸೌಲಭ್ಯ ಇದೆ. ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ವಿಭಾಗಕ್ಕೆ ಹೋಗಿ ಕಾರ್ಯಕ್ರಮದ ಹೆಸರು, ಸ್ಪರ್ಧಿಗಳ ಹೆಸರು, ಹ್ಯಾಶ್‌ಟ್ಯಾಗ್ ಹಾಕಿ, 24 ಗಂಟೆ ಎಂದು ಆರಿಸಿ. ಕನ್ನಡ ಅಕ್ಷರದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಎರಡೂ ರೀತಿ ಹಾಕಬೇಕು, ಇಲ್ಲದಿದ್ದರೆ ಅರ್ಧ ಪೋಸ್ಟ್ ನುಸುಳಿಬರುತ್ತದೆ.

ಮನೆಯಲ್ಲಿ ಮಕ್ಕಳು ನಿಮ್ಮ ಜೊತೆ ನೋಡುತ್ತಿದ್ದರೆ ಎಕ್ಸ್ ಬದಲು ವಾಟ್ಸ್‌ಆ್ಯಪ್ ಇರಲಿ. ಅಭಿಮಾನಿಗಳ ಜಗಳದಲ್ಲಿ ಸ್ಪರ್ಧಿಗಳ ಜಾತಿ, ಊರು, ಬಣ್ಣ, ಮನೆಯವರನ್ನೆಲ್ಲ ಎಳೆದು ತರುವುದನ್ನು ನೋಡಿ ನೋಡಿ ನನಗೆ ಬೇಸರವಾಗಿದೆ. ಹತ್ತು ವರ್ಷದ ಮಗು ಅದನ್ನು ಓದಬಾರದು.

ಸುದ್ದಿ, ಚುನಾವಣೆ, ಚಂದ್ರಯಾನ: ಯೂಟ್ಯೂಬ್

ಕನ್ನಡದ ದೊಡ್ಡ ಸುದ್ದಿ ಚಾನೆಲ್‌ಗಳು ಯೂಟ್ಯೂಬ್‌ನಲ್ಲಿ ಉಚಿತವಾಗಿ ಲೈವ್ ಸಿಗುತ್ತವೆ. ಪಕ್ಕದಲ್ಲೇ ಚಾಟ್ ಓಡುತ್ತಿರುತ್ತದೆ. ಅಂದರೆ ಟಿವಿಯೂ ಮಾತುಕತೆಯೂ ಒಂದೇ ಪರದೆಯಲ್ಲಿ. ಎರಡೂ ಒಂದೇ ಹೊತ್ತಿನವು, ಹಾಗಾಗಿ ತಡದ ಸಮಸ್ಯೆ ಕಡಿಮೆ. ತಪ್ಪಿಹೋದ ಭಾಗವನ್ನು ಹಿಂದಕ್ಕೆ ಎಳೆದು ನೋಡುವ ಅನುಕೂಲವೂ ಬಹಳ ಸಲ ಇರುತ್ತದೆ.

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿದಾಗ ಇಸ್ರೋದ ಯೂಟ್ಯೂಬ್ ಲೈವ್ ಅನ್ನು ಒಂದೇ ಹೊತ್ತಿಗೆ 80 ಲಕ್ಷಕ್ಕೂ ಹೆಚ್ಚು ಜನ ನೋಡುತ್ತಿದ್ದರು. ದೂರದರ್ಶನದಲ್ಲೂ ಅದೇ ಚಿತ್ರ ಬರುತ್ತಿತ್ತು. ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ಚಪ್ಪಾಳೆ ಬಿದ್ದಾಗ ಚಾಟ್‌ನಲ್ಲಿ ಅಕ್ಷರ ಓದಲಾಗದಷ್ಟು ವೇಗವಾಗಿ ಧ್ವಜಗಳು ಹರಿದವು. ಓದಲು ಅಲ್ಲಿ ಏನೂ ಇರಲಿಲ್ಲ. ಅಷ್ಟೊಂದು ಜನ ನಮ್ಮ ಜೊತೆಗಿದ್ದಾರೆ ಎಂಬುದೇ ಮೈ ಜುಮ್ಮೆನಿಸುವಂತಿತ್ತು. ಅಂಥ ದಿನಕ್ಕೆ ಯೂಟ್ಯೂಬ್ ಬಿಟ್ಟು ಬೇರೆ ಬೇಡ.

ಚುನಾವಣೆ ಎಣಿಕೆಯ ದಿನ ಸ್ವಲ್ಪ ಬೇರೆ. 2023ರ ಮೇ 13ರಂದು ನಮ್ಮ 224 ಕ್ಷೇತ್ರಗಳ ಎಣಿಕೆ ನಡೆದಾಗ ಗೆಲ್ಲಲು ಬೇಕಿದ್ದುದು 113. ಒಂದು ಚಾನೆಲ್ ಒಂದು ಸಂಖ್ಯೆ ತೋರಿಸುವಾಗ ಇನ್ನೊಂದು ಚಾನೆಲ್ ಇನ್ನೊಂದು ತೋರಿಸುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ಮೂರನೆಯದು ಬರುತ್ತದೆ. ಚಾನೆಲ್‌ನ ಸಂಖ್ಯೆ ಅವರ ವರದಿಗಾರರಿಂದ ಬೇಗ ಬರುತ್ತದೆ. ಚುನಾವಣಾ ಆಯೋಗದ ಫಲಿತಾಂಶದ ವೆಬ್‌ಸೈಟ್ ನಿಧಾನ, ಆದರೆ ಅಧಿಕೃತ. ಟಿವಿಯಲ್ಲಿ ನಿಮ್ಮ ಚಾನೆಲ್ ಇರಲಿ, ಮೊಬೈಲಿನಲ್ಲಿ ಆಯೋಗದ ಪುಟ ಇರಲಿ. ಅಂದು ಚಾಟ್, ಎಕ್ಸ್ ಯಾವುದರಿಂದಲೂ ಹೊಸದೇನೂ ತಿಳಿಯುವುದಿಲ್ಲ, ಜಗಳ ಮಾತ್ರ ಸಿಗುತ್ತದೆ. ಚಾಟ್ ಬೇಕೇ ಬೇಕು ಎನ್ನುವವರು ಮೇಲೆ 'ಟಾಪ್ ಚಾಟ್' ಆರಿಸಿ, ಸ್ಪ್ಯಾಮ್ ಸ್ವಲ್ಪ ಸೋಸಿ ಬರುತ್ತದೆ.

ಇನ್‌ಸ್ಟಾಗ್ರಾಮ್: ನೋಡಿದ ಮೇಲೆ ಮಾತ್ರ

2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾಯಿತು, ಮುಂದಿನ ತಿಂಗಳೇ ಭಾರತಕ್ಕೆ ರೀಲ್ಸ್ ಬಂತು. ಅಲ್ಲಿಂದೀಚೆಗೆ ಟಿವಿಯ ಒಳ್ಳೆಯ ತುಣುಕುಗಳೆಲ್ಲ ಅಲ್ಲೇ ಸಿಗುತ್ತವೆ. ಕಾಮಿಡಿ ಶೋನ ಒಂದು ಸ್ಕಿಟ್, ಹಾಡಿನ ಸ್ಪರ್ಧೆಯ ಒಂದು ಮಗುವಿನ ಹಾಡು ಟಿವಿ ನೋಡದವರಿಗೂ ತಲುಪುವುದು ರೀಲ್ಸ್‌ನಿಂದಲೇ. ಅದಕ್ಕೆ ನಾನು ಕೃತಜ್ಞ.

ಆದರೆ ನೋಡುವಾಗ ಅದು ಕೆಟ್ಟ ಜೊತೆ. ಪೋಸ್ಟ್‌ಗಳು ಹೊತ್ತಿನ ಕ್ರಮದಲ್ಲಿ ಬರುವುದಿಲ್ಲ. ಮ್ಯಾಚ್ ಬಗ್ಗೆ ಒಂದು ರೀಲ್, ನಂತರ ಅಡುಗೆ, ನಂತರ ಯಾರದೋ ಮದುವೆ. ಜೊತೆಗೆ ರೀಲ್‌ಗೆ ಶಬ್ದ ಇದೆ, ಟಿವಿಗೂ ಶಬ್ದ ಇದೆ. ಮನೆಯವರಿಗೆ ಎರಡೂ ಕೇಳುವುದಿಲ್ಲ. ಜಾಹೀರಾತು ಬಿಡುವಿನಲ್ಲಿ ಸುಮ್ನೆ ತೆರೆದವರು ಕಾರ್ಯಕ್ರಮ ಮತ್ತೆ ಶುರುವಾದದ್ದನ್ನು ಗಮನಿಸುವುದೇ ಇಲ್ಲ. ಎಪಿಸೋಡ್ ಮುಗಿದ ಮೇಲೆ ಹಾಯಾಗಿ ನೋಡಿ. ಟಿವಿ ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಹಾಕುವ ಅಭ್ಯಾಸ ಇದ್ದರೆ ಬಿಡಿ. ಪ್ರಸಾರದ ಹಕ್ಕು ಚಾನೆಲ್‌ನದು, ನಿಮ್ಮ ವಿಡಿಯೊ ಮಾಯವಾಗುವುದಲ್ಲದೆ ಖಾತೆಗೂ ತೊಂದರೆ ಬರಬಹುದು. ಟೆಲಿಗ್ರಾಂನಲ್ಲಿ ಓಡಾಡುವ 'ಫ್ರೀ ಲೈವ್' ಲಿಂಕ್‌ಗಳನ್ನಂತೂ ಒತ್ತಲೇಬೇಡಿ.

ದೂರ ಇರುವವರ ಜೊತೆ ನೋಡುವುದಾದರೆ

ಮಗಳು ಅಮೆರಿಕದಲ್ಲಿ, ಅಪ್ಪ ದಾವಣಗೆರೆಯಲ್ಲಿ. ಇಬ್ಬರಿಗೂ ಆರ್‌ಸಿಬಿ ಬೇಕು. ಇಂಥ ಮನೆಗಳಿಗೆ ಮೇಲಿನ ಯಾವ ಆ್ಯಪೂ ಪೂರ್ತಿ ಉತ್ತರ ಅಲ್ಲ, ಬರೆದು ಕಳಿಸುವುದಕ್ಕಿಂತ ದನಿ ಕೇಳಬೇಕು. ಟೆಲಿಪಾರ್ಟಿಯಂಥದ್ದು ಕಂಪ್ಯೂಟರ್ ಬ್ರೌಸರ್‌ನಲ್ಲಿ ಸಿನಿಮಾ, ವೆಬ್ ಸರಣಿ ಒಟ್ಟಿಗೆ ನೋಡಲು ಒಳ್ಳೆಯದು, ಇಬ್ಬರಿಗೂ ಚಂದಾ ಇರಬೇಕು. ಐಫೋನ್ ಇರುವವರಿಗೆ ಫೇಸ್‌ಟೈಮ್‌ನ ಶೇರ್‌ಪ್ಲೇ ಇದೆ, ನೋಡುವ ಆ್ಯಪ್ ಅದನ್ನು ಒಪ್ಪಿದರೆ ಮಾತ್ರ. ಫೇಸ್‌ಬುಕ್‌ನ ವಾಚ್ ಪಾರ್ಟಿ 2021ರಲ್ಲೇ ನಿಂತುಹೋಯಿತು. ಇವೆಲ್ಲದರ ನಡುವೆ ನನಗೆ ಹೆಚ್ಚು ಇಷ್ಟವಾಗುವುದು ಸಾದಾ ವಾಟ್ಸ್‌ಆ್ಯಪ್ ಕಾಲ್. ಮೊಬೈಲ್ ಟಿವಿ ಪಕ್ಕ ಇಟ್ಟು, ಇಯರ್‌ಫೋನ್ ಹಾಕಿಕೊಂಡು ಮಾತಾಡುತ್ತಾ ನೋಡುವುದು.

ಇಬ್ಬರ ಟಿವಿಯೂ ಒಂದೇ ಹೊತ್ತಿನಲ್ಲಿ ಇರುವುದಿಲ್ಲ, ಅದನ್ನು ಸರಿಮಾಡಿಕೊಳ್ಳಬೇಕು. ಮುಂದೆ ಇರುವವರು ಆ್ಯಪ್‌ನಲ್ಲಿ ನೋಡುತ್ತಿದ್ದರೆ ಪಾಜ್ ಒತ್ತಿ ನಿಲ್ಲಿಸಿ, ಹಿಂದಿರುವವರ ಟಿವಿಯಲ್ಲಿ ಅದೇ ಎಸೆತ ಬಂದಾಗ ಮತ್ತೆ ಒತ್ತಲಿ. ಡಿಶ್‌ನಲ್ಲಿ ನೋಡುವವರಿಗೆ ರೆಕಾರ್ಡರ್ ಇಲ್ಲದ ಬಾಕ್ಸ್ ಆದರೆ ನಿಲ್ಲಿಸಲಾಗದು. ಆಗ ಅವರು ಸ್ವಲ್ಪ ಹೊತ್ತು ಸುಮ್ಮನಿರುವುದೊಂದೇ ದಾರಿ. ಅಪ್ಪಂದಿರಿಗೆ ಇದು ಕಷ್ಟ, ಸಿಕ್ಸ್ ಬಿದ್ದ ಕೂಡಲೇ ಕೂಗಿಬಿಡುತ್ತಾರೆ. ಹಾಗಾಗಿ ಸಾಧ್ಯವಾದರೆ ಊರಿನ ಮನೆಯಲ್ಲೂ ಆ್ಯಪ್‌ನಲ್ಲೇ ನೋಡುವ ವ್ಯವಸ್ಥೆ ಮಾಡಿ.

ಹೊತ್ತಿನ ಲೆಕ್ಕ ಹೀಗಿದೆ. ಐಪಿಎಲ್ ನಡೆಯುವ ತಿಂಗಳುಗಳಲ್ಲಿ ನಮ್ಮ ರಾತ್ರಿ 7.30 ಎಂದರೆ ದುಬೈಯಲ್ಲಿ ಸಂಜೆ 6, ಏಪ್ರಿಲ್, ಮೇನಲ್ಲಿ ಲಂಡನ್‌ನಲ್ಲಿ ಮಧ್ಯಾಹ್ನ 3, ನ್ಯೂಯಾರ್ಕ್‌ನಲ್ಲಿ ಬೆಳಗ್ಗೆ 10, ಕ್ಯಾಲಿಫೋರ್ನಿಯಾದಲ್ಲಿ ಬೆಳಗ್ಗೆ 7. ಚಳಿಗಾಲದಲ್ಲಿ ರಾತ್ರಿ 9.30ರ ಎಪಿಸೋಡ್ ನ್ಯೂಯಾರ್ಕ್‌ನಲ್ಲಿ ಬೆಳಗ್ಗೆ 11ಕ್ಕೆ ಬೀಳುತ್ತದೆ. ವಾರದ ದಿನ ಅವರು ಕೆಲಸದಲ್ಲಿರುತ್ತಾರೆ, ಲೈವ್ ನೋಡಲಾಗದು. ಅವರು ಸಂಜೆ ಮನೆಗೆ ಬಂದು ನೋಡುವ ಹೊತ್ತಿಗೆ ಇಲ್ಲಿ ಮರುದಿನ ಬೆಳಗಾಗಿರುತ್ತದೆ. ಊರಿನ ಗ್ರೂಪ್‌ನಲ್ಲಿ ಅವರನ್ನೂ ಸೇರಿಸಿದ್ದರೆ ಮಾತು ಶುರುಮಾಡುವ ಹೊತ್ತನ್ನು ಬೆಳಗ್ಗೆ ಎಂಟಕ್ಕೆ ಇಟ್ಟುಕೊಳ್ಳಿ. ಕಾಫಿ ಹೊತ್ತಿಗೆ ಇಲ್ಲಿಯವರು, ಊಟದ ಹೊತ್ತಿಗೆ ಅಲ್ಲಿಯವರು ಒಟ್ಟಿಗೆ ಸಿಗುತ್ತಾರೆ.